ನಿಮ್ಮದು ಯಾವೂರು ಅಂತ ಕೇಳದವರು

ಅತ್ತೆ ಹೋದ ಮೇಲೆ ನನಗೆ ಸಿಕ್ಕಿದ್ದು ಸಮಾಧಾನದ ಮಾತಲ್ಲ, ಅಭಿನಂದನೆ. ಬಂದವರೆಲ್ಲ ನಮ್ಮನೆಯವರ ಕೈ ಹಿಡಿದು ಕಣ್ಣೊರೆಸಿಕೊಂಡರು, ಇಬ್ಬರು ನಾದಿನಿಯರನ್ನೂ ತಬ್ಬಿಕೊಂಡು ಅತ್ತರು, ಆಮೇಲೆ ಅಡುಗೆಮನೆಗೆ ಬಂದು ನನ್ನ ಬೆನ್ನು ತಟ್ಟಿ, ಇನ್ನಾದರೂ ಸ್ವಲ್ಪ ಕಾಲು ಚಾಚಿ ಮಲಗಮ್ಮ ಎಂದರು. ಒಬ್ಬಾಕೆಯಂತೂ ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ನಕ್ಕೂ ಬಿಟ್ಟರು. ಆಕೆಯ ಮುಂದಿಟ್ಟಿದ್ದ ಕಾಫಿ ಲೋಟವನ್ನು ವಾಪಸ್ಸು ಎತ್ತಿಕೊಂಡು ಹೋಗೋಣ ಎನ್ನಿಸಿತು. ಸಾವಿನ ಮನೆಯಲ್ಲಿ ಜಗಳ ಬೇಡವೆಂದು ಸುಮ್ಮನಾದೆ.

ಅತ್ತೆ ದಿಲ್ಲಿಯ ವಸಂತ್ ಕುಂಜಿನ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಬಂದದ್ದು ಲಕ್ವ ಹೊಡೆದ ಮೇಲೆ. ನಮ್ಮನೆಯವರು ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದರು, ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಮಗಳು ಓದಲು ಪುಣೆಗೆ ಹೋದಳು. ಹಗಲೆಲ್ಲ ಮನೆಯಲ್ಲಿ ಉಳಿದವರು ನಾವಿಬ್ಬರು, ನಾನು ಮತ್ತು ಮಂಚದ ಮೇಲೆ ಅವರು. ಅವರ ಬಾಯಿ ಒಂದು ಕಡೆಗೆ ವಾಲಿತ್ತೇ ಹೊರತು ಮಾತಿನ ಖಾರ ಎಳ್ಳಷ್ಟೂ ಕಮ್ಮಿಯಾಗಿರಲಿಲ್ಲ. ಗಂಜಿಗೆ ಉಪ್ಪು ಜಾಸ್ತಿ, ನಿನ್ನ ಸೀರೆ ಕೊಳೆ, ಕಿಟಕಿ ಯಾಕೆ ತೆಗೆದೆ, ಯಾಕೆ ಮುಚ್ಚಿದೆ. ನಾನೂ ಬಿಡುತ್ತಿರಲಿಲ್ಲ, ಒಂದಕ್ಕೆರಡು ಹೇಳುತ್ತಿದ್ದೆ. ಅವರ ತೊದಲು ಮಾತು ಅರ್ಥವಾಗುತ್ತಿದ್ದದ್ದು ನನಗೊಬ್ಬಳಿಗೇ. ಹೆತ್ತ ಮಗನೂ ಅಮ್ಮ ಏನೋ ಹೇಳಿದಾಗ ನನ್ನ ಮುಖ ನೋಡುತ್ತಿದ್ದರು. ನನ್ನನ್ನು ಕರೆಯಬೇಕೆಂದರೆ ಸ್ಟೀಲ್ ಲೋಟದಿಂದ ಮಂಚದ ಕಬ್ಬಿಣಕ್ಕೆ ಹೊಡೆಯುವುದು ಅವರ ಪದ್ಧತಿ.

ಅವರು ಹೋದ ಮೇಲೂ ಆ ಲೋಟದ ಸದ್ದು ನಿಲ್ಲಲಿಲ್ಲ. ಕುಕ್ಕರ್ ಇಟ್ಟು ನಿಂತರೆ ಕೇಳಿಸುತ್ತಿತ್ತು, ಬಟ್ಟೆ ಹರವುವಾಗ ಕೇಳಿಸುತ್ತಿತ್ತು. 'ಬಂದೇ ಇರಿ' ಎಂದು ಜೋರಾಗಿಯೇ ಹೇಳಿ ಓಡುತ್ತಿದ್ದೆ. ಬೆಳಿಗ್ಗೆ ಎದ್ದು ರಾಗಿ ಗಂಜಿ ಕಾಯಿಸುವುದು, ಆರಿಸುವುದು, ಆಮೇಲೆ ನೆನಪಾಗಿ ಸಿಂಕಿಗೆ ಚೆಲ್ಲುವುದು. ಎರಡು ಸಲ ಗ್ಯಾಸ್ ಹಚ್ಚದೆ ಬರೀ ತಿರುಗಿಸಿ ಬಂದಿದ್ದೆ. ಅಳು ಮಾತ್ರ ಒಂದು ಹನಿಯೂ ಬಂದಿರಲಿಲ್ಲ. ಕೊನೆಗೊಂದು ದಿನ ಮಾರ್ಕೆಟ್ಟಿನ ಔಷಧಿ ಅಂಗಡಿಯಿಂದ ಅವರ ಬಿ.ಪಿ. ಮಾತ್ರೆಗಳನ್ನು ಮತ್ತೆ ತಂದು ಅವರ ತಲೆದಿಂಬಿನ ಹತ್ತಿರ ಜೋಡಿಸಿಟ್ಟೆ. ನಮ್ಮನೆಯವರು ನೋಡಿದರು.

ಮಾರನೆಯ ದಿನ ಕಚೇರಿಯಿಂದ ಬರುವಾಗ ರೈಲಿನ ಟಿಕೆಟ್ ಹಿಡಿದುಕೊಂಡು ಬಂದರು. ತುಮಕೂರಿನಲ್ಲಿ ನಿನ್ನ ಅಣ್ಣನಿದ್ದಾನಲ್ಲ, ಆರು ತಿಂಗಳು ಅಲ್ಲಿದ್ದು ಬಾ, ಮನಸ್ಸು ಸರಿಯಾಗುತ್ತೆ, ಅಣ್ಣನ ಹತ್ತಿರ ಮಾತಾಡಿದ್ದೀನಿ ಎಂದರು. ನನಗೆ ಮೈ ಉರಿದುಹೋಯಿತು. ಅಣ್ಣನ ಮನೆಯಲ್ಲಿ ನಾನೇನಾಗುತ್ತೇನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ತಲೆ ಕೆಟ್ಟು ಗಂಡ ತಂದು ಬಿಟ್ಟ ತಂಗಿ. ಅತ್ತಿಗೆ ಚಾಕು ಎತ್ತಿಡುತ್ತಾಳೆ, ಮಕ್ಕಳು ಬಾಗಿಲ ಸಂದಿಯಿಂದ ನೋಡುತ್ತವೆ, ಆರು ತಿಂಗಳು ಎಂದದ್ದು ವರ್ಷವಾಗುತ್ತದೆ. ಹಾಗೆ ಒಂದು ಸಲ ಹೋದರೆ ಈ ಮನೆಗೆ ಮೊದಲಿನವಳಾಗಿ ಬರುವುದಿಲ್ಲ ಎನ್ನಿಸಿತು.

'ನಾನು ಹೋಗಲ್ಲ. ಆ ತಾರೀಖಿನೊಳಗೆ ಇಲ್ಲೇ ಸರಿ ಹೋಗ್ತೀನಿ' ಎಂದೆ.

'ಹೇಗೆ?' ಎಂದರು. ಹೇಗೆ ಎಂದು ನನಗೂ ಗೊತ್ತಿರಲಿಲ್ಲ.

ದಾರಿ ತೋರಿಸಿದವಳು ಮಗಳು, ಫೋನಿನಲ್ಲಿ. ಅವಳ ಕನ್ನಡ ಅರ್ಧ ದಾರಿಗೆ ಹಿಂದಿಯಾಗಿ, ಆಮೇಲೆ ಇಂಗ್ಲಿಷಾಗಿ ಮುಗಿಯುತ್ತದೆ. ಕೌನ್ಸೆಲರ್ ಅಂತ ಇರುತ್ತಾರೆ, ತನ್ನ ಕಾಲೇಜಿನಲ್ಲೂ ಇದ್ದಾರೆ, ಹುಚ್ಚು ಹಿಡಿದವರೇ ಹೋಗಬೇಕೆಂದಿಲ್ಲ, ಸುಮ್ಮನೆ ಕೂತು ಮಾತಾಡಬಹುದು ಎಂದಳು. ಕೂತು ಮಾತಾಡುವುದು! ಆರು ವರ್ಷ ಹಗಲೆಲ್ಲ ಕೂತು ಜಗಳವಾಡಿದವಳು ನಾನು, ಈಗ ಹಗಲೆಲ್ಲ ಮಾತಿಲ್ಲ. ಆ ಒಂದು ಮಾತು ನನಗೆ ನಾಟಿತು. ಒಬ್ಬರನ್ನು ಹುಡುಕಲೇಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ಮೊದಲು ಸರ್ಕಾರಿ ಡಿಸ್ಪೆನ್ಸರಿಯ ಡಾಕ್ಟರು. ಗ್ಯಾಸಿನ ಮಾತ್ರೆ ಕೊಟ್ಟು, ಟೈಂ ಲಗೇಗಾ, ಸಮಯ ಹಿಡಿಯುತ್ತೆ ಎಂದು ಮುಂದಿನ ಚೀಟಿ ಕರೆದರು. ಎದುರು ಮನೆಯ ಪಂಜಾಬಿ ಆಂಟಿ ಯಾವುದೋ ಬಾಬಾ ಕಡೆ ಕರೆದುಕೊಂಡು ಹೋಗುತ್ತೇನೆಂದರು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಕೇಳಿದರೆ ಒಬ್ಬರು ಸತ್ಯನಾರಾಯಣ ಪೂಜೆ ಎಂದರು, ಇನ್ನೊಬ್ಬರು ಕಾಶಿಗೆ ಹೋಗಿ ಬಾ ಎಂದರು, ಮತ್ತೊಬ್ಬರು ಹುಚ್ಚರ ಡಾಕ್ಟರು ನಿನಗ್ಯಾಕೆ ಎಂದು ಹೋಳಿಗೆ ಬಡಿಸಿದರು. ನಾನು ಒಂದೇ ಮಾತು ಹಿಡಿದಿದ್ದೆ. ನನಗೆ ಕೌನ್ಸೆಲರ್ ಬೇಕು, ಕನ್ನಡ ಬರುವವರೇ ಬೇಕು. ಇಪ್ಪತ್ತು ವರ್ಷ ದಿಲ್ಲಿಯಲ್ಲಿದ್ದರೂ ನನ್ನ ಹಿಂದಿ ತರಕಾರಿ ಗಾಡಿಯಿಂದ ಆಚೆಗೆ ಹೋಗಿರಲಿಲ್ಲ. 'ಭಿಂಡಿ ಕೈಸೇ ದಿಯಾ ಭಯ್ಯಾ' ಎಂದು ಬೆಂಡೆಕಾಯಿ ರೇಟು ಕೇಳುವ ಭಾಷೆಯಲ್ಲಿ ಮನಸ್ಸಿನ ಕಥೆ ಹೇಳುವುದುಂಟೇ? ಅವರಿವರನ್ನು ಪೀಡಿಸಿ, ಫೋನ್ ಮೇಲೆ ಫೋನ್ ಮಾಡಿ, ಅಂತೂ ಒಬ್ಬರು ಸಿಕ್ಕರು. ಘಾಜಿಯಾಬಾದಿನಲ್ಲಿ, ಮನೆಯಲ್ಲೇ ಕೌನ್ಸೆಲಿಂಗ್ ಮಾಡುವ ಕನ್ನಡದ ಹೆಂಗಸು.

ಆಗಿನ್ನೂ ಮೆಟ್ರೊ ನಮ್ಮ ಕಡೆಗೂ ಇಲ್ಲ, ಆ ಕಡೆಗೂ ಇಲ್ಲ. ಬಸ್ಸಿನ ಮೇಲೆ ಬಸ್ಸು ಬದಲಿಸಿ, ಯಮುನೆ ದಾಟಿ, ಕಾರ್ಖಾನೆಗಳ ಸಾಲು ದಾಟಿ, ಆಟೋದವನ ಹತ್ತಿರ ಜಗಳವಾಡಿ ಹೋಗಿ ತಲುಪುವ ಹೊತ್ತಿಗೆ ಮಧ್ಯಾಹ್ನ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಬಾಗಿಲು ತೆರೆದಾಕೆ ನಗುಮುಖದವರು. ಒಳಗೆ ಫಿಲ್ಟರ್ ಕಾಫಿಯ ವಾಸನೆ. 'ಬನ್ನಿ ಬನ್ನಿ, ಬಿಸಿಲಲ್ಲಿ ಬಂದಿದ್ದೀರಿ, ಕೂತ್ಕೊಳಿ' ಎಂದರು. ಆ 'ಕೂತ್ಕೊಳಿ' ಕೇಳಿದ್ದೇ ಬ್ಯಾಗು ಕೆಳಗಿಟ್ಟು ಕೂತುಬಿಟ್ಟೆ. ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವರು ಕಾಫಿ ಲೋಟ ಕೈಗಿಟ್ಟು ಕೇಳಿದರು.

'ನಿಮ್ಮದು ಯಾವೂರು?'

ದಿಲ್ಲಿಯಲ್ಲಿ ಇಬ್ಬರು ಕನ್ನಡದವರು ಎದುರಾದರೆ ಈ ಪ್ರಶ್ನೆ ಬರದೇ ಇರುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ದೇವಸ್ಥಾನದಲ್ಲಿ, ಆಸ್ಪತ್ರೆಯ ಕ್ಯೂನಲ್ಲಿ, ಎಲ್ಲೇ ಆಗಲಿ. ಕೇಳದಿದ್ದರೆ ಮರ್ಯಾದೆಯಲ್ಲ, ಹೇಳದಿದ್ದರೆ ಜಂಭ. ಹೇಳಿದ ಮೇಲೆ, ಅಲ್ಲಿ ಯಾರ ಪೈಕಿ? ಅದಕ್ಕೂ ಉತ್ತರ ಬಂದರೆ, ಹಾಗಾದರೆ ಇಂಥವರು ಗೊತ್ತಿರಬೇಕಲ್ಲ? ಅಷ್ಟರೊಳಗೆ ನೆಂಟಸ್ತನ ಸಿಕ್ಕೇ ಸಿಗುತ್ತದೆ, ಸಿಕ್ಕ ಕೂಡಲೇ ಇಬ್ಬರಿಗೂ ಹಬ್ಬ. ನಾನೂ ಎಷ್ಟು ಜನರನ್ನು ಹೀಗೆ ಜಾಲಾಡಿಲ್ಲ! ಅಭ್ಯಾಸಬಲ, ಬಾಯಿ ತಾನಾಗಿ ಉತ್ತರ ಕೊಟ್ಟುಬಿಟ್ಟಿತು. ತವರು ತುಮಕೂರು, ಕೊಟ್ಟಿದ್ದು ಹಾಸನಕ್ಕೆ. ಹಾಸನದಲ್ಲಿ ಎಲ್ಲಿ ಎಂದರು, ಹೇಳಿದೆ. ಅವರ ಕಣ್ಣು ಅರಳಿತು. ಅವರ ಅಕ್ಕನ ಮನೆ ಇರುವುದು ನನ್ನ ದೊಡ್ಡ ನಾದಿನಿಯ ಮನೆಗೆ ಗೋಡೆಗೆ ಗೋಡೆ.

'ಅಯ್ಯೋ, ನೀವು ಆ ಸೊಸೆನಾ!' ಎಂದು ನನ್ನ ಕೈ ಹಿಡಿದುಕೊಂಡರು. 'ನಮ್ಮಕ್ಕ ನಿಮ್ಮ ಸುದ್ದಿ ಎಷ್ಟು ಹೇಳಿದ್ದಾಳೆ ಗೊತ್ತಾ? ಅತ್ತೇನ ಮಗು ಥರ ನೋಡ್ಕೊಂಡ್ರಂತೆ. ನಿಮ್ಮಂಥವರು ಈಗೆಲ್ಲಿ ಸಿಗ್ತಾರೆ? ಪುಣ್ಯವಂತರು ಬಿಡಿ.'

ಮುಗಿಯಿತು. ಬಾಯಿಪಾಠ ಮಾಡಿದ್ದೆಲ್ಲ ಗಂಟಲಲ್ಲೇ ಇಂಗಿತು. ಇನ್ನು ನಾನು ಏನು ಹೇಳಿದರೂ ಅದು ನಾದಿನಿಯ ಗೋಡೆ ದಾಟುತ್ತದೆ. ಗಂಜಿ ಕಾಯಿಸಿ ಚೆಲ್ಲುವುದು, ಲೋಟದ ಸದ್ದು, ವರ್ಷಕ್ಕೊಂದು ಸಲ ಬಂದು ಹೋಗುತ್ತಿದ್ದ ನಾದಿನಿಯರಿಗೆ ಎಲ್ಲರ ಸಮಾಧಾನ, ನನಗೇಕೆ ಬರೀ ಬೆನ್ನು ತಟ್ಟುವುದು ಎಂಬ ನನ್ನ ಹೊಟ್ಟೆಯ ಕಿಚ್ಚು, ಇವನ್ನೆಲ್ಲ ಈಕೆಗೆ ಹೇಳಲಾದೀತೆ? ಆಕೆ ಕೆಟ್ಟವರಲ್ಲ. ಆಮೇಲೆ ನೋಟ್ ಪ್ಯಾಡ್ ತೆರೆದು, ಹೇಳಿ, ಏನು ತೊಂದರೆ ಎಂದು ಚೆನ್ನಾಗಿಯೇ ಕೇಳಿದರು. ನಿದ್ದೆ ಸ್ವಲ್ಪ ಕಮ್ಮಿ ಎಂದೆ. ಹೊರಡುವಾಗ ಊರಿಂದ ಬಂದ ಚಟ್ನಿಪುಡಿ ಕಟ್ಟಿಕೊಟ್ಟರು. ಬಸ್ಸಿನಲ್ಲಿ ಅದರ ಬೆಳ್ಳುಳ್ಳಿ ವಾಸನೆಗೆ ಪಕ್ಕದವಳು ಮೂಗು ಮುಚ್ಚಿಕೊಂಡಳು.

ವಾರದೊಳಗೆ ದೊಡ್ಡ ನಾದಿನಿಯ ಫೋನು ಬಂತು. 'ಅತ್ತಿಗೆ, ಘಾಜಿಯಾಬಾದಿಗೆ ಹೋಗಿದ್ರಂತೆ? ಹುಷಾರಾಗಿದ್ದೀರಾ ತಾನೆ?' ಆ ಕೌನ್ಸೆಲರ್ ನನ್ನ ತೊಂದರೆಯನ್ನೇನೂ ಹೇಳಿರಲಿಕ್ಕಿಲ್ಲ, ನನ್ನನ್ನು ಕಂಡ ಸಂತೋಷವನ್ನು ಅಕ್ಕನಿಗೆ ಹೇಳಿರಬೇಕು, ಅಷ್ಟೇ. ಅಷ್ಟೇ ಸಾಕಾಗಿತ್ತು. ನೆಂಟರ ಮನೆಗೆ ಹೋಗಿದ್ದೆ ಎಂದು ಫೋನಿಟ್ಟೆ. ರೈಲಿನ ದಿನ ಹತ್ತಿರ ಬಂದಿತ್ತು. ನಮ್ಮನೆಯವರು ಅಟ್ಟದ ಮೇಲಿಂದ ಸೂಟ್‌ಕೇಸ್ ಇಳಿಸಿ ಧೂಳು ಒರೆಸಿಟ್ಟರು.

ಸೋತು ಕೂರುವ ಜಾಯಮಾನ ನನ್ನದಲ್ಲ. ಅವತ್ತು ಮಧ್ಯಾಹ್ನವೆಲ್ಲ ಆ ಖಾಲಿ ಸೂಟ್‌ಕೇಸಿನ ಎದುರು ಕೂತು ಯೋಚಿಸಿದೆ. ನನಗೆ ಕನ್ನಡದವರು ಬೇಡ. ನಮ್ಮೂರ ಹೆಸರೇ ಕೇಳಿರದವರು, ನಮ್ಮಲ್ಲಿ ಯಾರ ಮನೆಗೂ ಹೆಣ್ಣು ಕೊಟ್ಟಿರದವರು, ನನ್ನನ್ನು ಪುಣ್ಯವಂತೆ ಎನ್ನಲು ಕಾರಣವೇ ಇಲ್ಲದವರು ಬೇಕು. ಹಿಂದಿ ಬಂದಷ್ಟು ಬರಲಿ.

ರಾಗಿಹಿಟ್ಟು, ಇಡ್ಲಿ ರವೆಗೆ ನಾನು ಹೋಗುತ್ತಿದ್ದದ್ದು ಹತ್ತಿರದ ಮುನಿರ್ಕಾಕ್ಕೆ. ಅಲ್ಲಿಯ ಇಕ್ಕಟ್ಟು ಗಲ್ಲಿಯಲ್ಲಿ, ಕಿರಾಣಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕೌನ್ಸೆಲಿಂಗ್ ಎಂದು ಒಂದು ಬೋರ್ಡು ವರ್ಷಗಟ್ಟಲೆಯಿಂದ ಇತ್ತು. ಸುತ್ತ ಯೂನಿವರ್ಸಿಟಿಯ ಹುಡುಗ ಹುಡುಗಿಯರೇ ಬಾಡಿಗೆಗಿರುವ ಜಾಗ, ಅವರಿಗೆ ಇರಬೇಕೆಂದು ತಲೆ ಎತ್ತಿ ನೋಡಿರಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಿದ್ದೆ. ಮಾರನೆಯ ದಿನವೇ ಹೋಗಿ, ಕಡಿದಾದ ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿದೆ.

ಒಳಗಿದ್ದವರು ಈಶಾನ್ಯದ ಕಡೆಯ ಬೆಟ್ಟದ ಸೀಮೆಯ ಹೆಂಗಸು, ನನ್ನದೇ ವಯಸ್ಸು. ಅವರ ಹಿಂದಿಯೂ ಕಲಿತ ಹಿಂದಿ, ನಿಧಾನವಾಗಿ, ಒಂದೊಂದೇ ಪದ ಇಟ್ಟು ಮಾತಾಡುತ್ತಿದ್ದರು. ನನಗೆ ಅದೇ ಎಷ್ಟೋ ಧೈರ್ಯವಾಯಿತು. ಕೂರಿಸಿದರು, ನೀರು ಕೊಟ್ಟರು. ಯಾವೂರು ಎಂದು ಕೇಳಲಿಲ್ಲ. ಯಾಕೆ ಕೇಳಲಿಲ್ಲವೆಂದು ಎಷ್ಟೋ ತಿಂಗಳ ಮೇಲೆ ಹೇಳಿದರು. ಈ ದಿಲ್ಲಿಯಲ್ಲಿ ಬೀದಿಗಿಳಿದರೆ ಸಾಕು, ಮುಖ ನೋಡಿ ನೀನು ಎಲ್ಲಿಯವಳು ಎಂದು ಎಲ್ಲರೂ ಅವರನ್ನು ಕೇಳುತ್ತಾರಂತೆ. ಅದಕ್ಕೇ ಅವರು ಯಾರನ್ನೂ ಕೇಳುವುದಿಲ್ಲವಂತೆ.

'ಬೋಲಿಯೇ' ಎಂದು, ಹೇಳಿ ಎನ್ನುವಂತೆ ನನ್ನ ಕಡೆ ತಿರುಗಿ ಕೂತರು.

ನನ್ನ ತರಕಾರಿ ಹಿಂದಿಯಲ್ಲಿ ಶುರುಮಾಡಿದೆ. 'ಏಕ್ ಬುಡ್ಢೀ ಔರತ್ ಥೀ. ಮರ್ ಗಯೀ. ಮೈಂ ರೋಯೀ ನಹೀಂ.' ಒಬ್ಬ ಮುದುಕಿ ಇದ್ದಳು, ಸತ್ತಳು, ನಾನು ಅಳಲಿಲ್ಲ. ಹೇಳಿ ನಾನೇ ಬೆಚ್ಚಿದೆ. ಕನ್ನಡದಲ್ಲಾಗಿದ್ದರೆ ತೀರಿಕೊಂಡರು ಎನ್ನುತ್ತಿದ್ದೆ, ದೊಡ್ಡ ಜೀವ, ನರಳದೆ ಹೋದರು, ಋಣ ಇದ್ದದ್ದು ಅಷ್ಟೇ ಎಂದೆಲ್ಲ ಸುತ್ತಿ ಬಳಸಿ, ಕೊನೆಗೆ ಏನೂ ಹೇಳದೆಯೇ ಎದ್ದು ಬರುತ್ತಿದ್ದೆ. ಇಲ್ಲಿ ಸುತ್ತಿ ಬರಲು ನನಗೆ ದಾರಿಯೇ ಗೊತ್ತಿರಲಿಲ್ಲ. ಇದ್ದ ನಾಲ್ಕು ಪದಗಳಲ್ಲಿ ಲೋಟದ ಸದ್ದು ಹೇಳಿದೆ, ಗಂಜಿ ಹೇಳಿದೆ, ಜಗಳ ಹೇಳಿದೆ, ಮಾತ್ರೆ ತಂದದ್ದು ಹೇಳಿದೆ. ಪದ ಸಿಗದ ಕಡೆ ಕೈಯಲ್ಲಿ ತೋರಿಸಿದೆ. ಅವರು ಎಲ್ಲ ಕೇಳಿಸಿಕೊಂಡು, ಮೆಲ್ಲಗೆ ಒಂದೇ ಪ್ರಶ್ನೆ ಕೇಳಿದರು. ಅವರು ನಿಮಗೆ ಏನಾಗಬೇಕು ಎನ್ನಲು ಹಿಂದಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆಯೇ.

'ವೋ ಆಪ್‌ಕೀ ಕ್ಯಾ ಲಗ್‌ತೀ ಥೀಂ?'

ಅತ್ತೆಗೆ ಸಾಸ್ ಎನ್ನುತ್ತಾರೆಂದು ನನಗೆ ಗೊತ್ತಿಲ್ಲದೆ ಏನಿಲ್ಲ. ಆ ದಿನಗಳಲ್ಲಿ ಟೀವಿ ಹಾಕಿದರೆ ಸಾಸ್ ಬಹೂ ಧಾರಾವಾಹಿಗಳೇ. ಆದರೆ ಬಾಯಿಗೆ ಆ ಪದ ಬರಲಿಲ್ಲ.

'ಮೇರೀ ಥೀ' ಎಂದೆ. ನನ್ನವಳಾಗಿದ್ದಳು.

ಆಮೇಲೆ ಬಂತು ಅಳು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಕೆಳಗಿನ ಅಂಗಡಿಯವರಿಗೂ ಕೇಳಿಸಿರಬೇಕು, ಕೇಳಿಸಲಿ. ಆ ಹೆಂಗಸು ಬೆನ್ನು ತಟ್ಟಲಿಲ್ಲ, ಸಾಕು ಎನ್ನಲಿಲ್ಲ. ಇಳಿದು ಬರುವಾಗ ಮುಂದಿನ ಬುಧವಾರ ಬನ್ನಿ ಎಂದರು.

ಸಂಜೆ ನಮ್ಮನೆಯವರು ಬಂದಾಗ ಸೂಟ್‌ಕೇಸ್ ಅಟ್ಟಕ್ಕೆ ಹಾಕಿಯಾಗಿತ್ತು. ನನ್ನ ಊದಿದ ಕಣ್ಣು ನೋಡಿ ಹೆದರಿದರು.

'ಟಿಕೆಟ್ ಕ್ಯಾನ್ಸಲ್ ಮಾಡಿಸ್ಬಿಡಿ. ಬುಧವಾರ ಮುನಿರ್ಕಾಕ್ಕೆ ಬರಕ್ಕೆ ಹೇಳಿದ್ದಾರೆ' ಎಂದೆ. ಎಲ್ಲಿ, ಯಾರು, ಏನು ಕೇಳಿದರು ಎಂದರು. ನಿಮ್ಮಮ್ಮ ನನಗೆ ಏನಾಗಬೇಕು ಅಂತ ಕೇಳಿದರು, ನನ್ನೋಳು ಅಂದೆ, ಎಂದೆ.

ಅವರು ಅಮ್ಮನ ಮಂಚದ ಅಂಚಿನಲ್ಲಿ ಕೂತರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

'ನಿಂಗೆ ಇಷ್ಟು ದುಃಖ ಇತ್ತು ಅಂತ ಹೇಳಲೇ ಇಲ್ವಲ್ಲೇ.'

'ಯಾರಾದ್ರೂ ಕೇಳಿದ್ರಾ?' ಎಂದೆ.

ಮಾರನೆಯ ಬೆಳಿಗ್ಗೆ ನಾನು ಗಂಜಿ ಕಾಯಿಸಿದಾಗ ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಚೆಲ್ಲಬೇಡ, ನನಗೆ ಕೊಡು ಎಂದರು. ಅಮ್ಮನ ಲೋಟದಲ್ಲೇ ಬಗ್ಗಿಸಿ ಕೊಟ್ಟೆ. ಒಂದು ಗುಟುಕು ಕುಡಿದು, ಉಪ್ಪು ಜಾಸ್ತಿ ಎಂದರು.