ಕುಂಕುಮ ಹತ್ತಿದ ತವರದ ಕಾಸು

ಈ ಬೆಳಿಗ್ಗೆ ಸ್ಕ್ಯಾನರಿನ ಮುಚ್ಚಳ ತೆಗೆದರೆ ಗಾಜಿನ ಮೇಲೆಲ್ಲ ಕೆಂಪು ಪುಡಿ. ಒರೆಸಲು ಬಟ್ಟೆ ತಂದವಳು ಹಾಗೇ ನಿಂತೆ.

ನಿಮಗೆ ಮೊದಲಿನಿಂದಲೇ ಹೇಳಬೇಕು. ನಮ್ಮಪ್ಪ ಉಡುಪಿ ಕಡೆಯವರು, ಮದುವೆಗೆ ಮೊದಲು ಮಲಯಾದ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದರು. ಬರುವಾಗ ಬಂಗಾರ ತರಲಿಲ್ಲ, ಬಿಸ್ಕತ್ತಿನ ಡಬ್ಬಿಯಲ್ಲಿ ಅಲ್ಲಿನ ಸುಲ್ತಾನರ ಕಾಲದ ತವರದ ಕಾಸು ತಂದರು. ಬೂದು ಬಣ್ಣ, ನಡುವೆ ತೂತು, ಸುತ್ತ ಅರಬ್ಬಿ ಅಕ್ಷರದಲ್ಲಿ ಮಲಯ ಬರಹ. ಕೆಲವು ಟೋಪಿ ಆಕಾರದವು. ಸಣ್ಣವಳಿದ್ದಾಗ ಅವನ್ನು ಗೊಂಬೆಯ ತಲೆಗೆ ಇಡುತ್ತಿದ್ದೆ. ಅಮ್ಮನಿಗೆ ಮಾತ್ರ ಅವು ಲಕ್ಷ್ಮಿ. ದೀಪಾವಳಿ ಪೂಜೆಗೆ ಬೆಳ್ಳಿ ರೂಪಾಯಿಯ ಪಕ್ಕ ಇಟ್ಟು, ಒಂದೊಂದಕ್ಕೂ ಉಂಗುರ ಬೆರಳಿನಿಂದ ಕುಂಕುಮ ಹಚ್ಚುತ್ತಿದ್ದಳು.

"ಸುಲ್ತಾನನ ದುಡ್ಡಿಗೂ ಪೂಜೆಯಾ?" ಎಂದು ನೆಂಟರ ಹೆಂಗಸೊಬ್ಬಳು ನಕ್ಕಾಗ ಅಮ್ಮ ಬಿಡಲಿಲ್ಲ. "ಆ ಊರಿನ ಅನ್ನ ತಿಂದದ್ದು ಸುಳ್ಳಾ? ಲಕ್ಷ್ಮಿ ಅಕ್ಷರ ನೋಡಿ ಬರ್ತಾಳಾ ಮಾರಾಯ್ತಿ?"

ಅಮ್ಮ ಹೋದ ಮೇಲೆ ಡಬ್ಬಿ ನನ್ನ ಜೊತೆ ಕಡಲು ದಾಟಿ ಈ ಟೂಂಗಾಬಿಯ ಮನೆಗೆ ಬಂತು, ಕುಂಕುಮದ ಸಮೇತ. ಇಂಟರ್ನೆಟ್ಟು ಫೋನ್ ತಂತಿಯಲ್ಲಿ ಕುಯ್ಯೋ ಎಂದು ಕೂಗಿಕೊಂಡು ಬರುತ್ತಿದ್ದ ಕಾಲ ಅದು. ಮೆಲ್ಬರ್ನಿನಲ್ಲಿ ಮೈಸೂರಿನ ನಿವೃತ್ತ ಡಾಕ್ಟರೊಬ್ಬರು ನಾಣ್ಯಪ್ರಿಯರಿಗಾಗಿ ವೆಬ್‌ಸೈಟ್ ನಡೆಸುತ್ತಿದ್ದರು. ಕಾಸುಗಳನ್ನು ಸ್ಕ್ಯಾನ್ ಮಾಡಿ ಕಳಿಸಿದೆ. ಫೋನ್ ಬಂತು.

"ಬ್ಯೂಟಿಫುಲ್ ಕಲೆಕ್ಷನ್ ಮೇಡಂ. ಆದ್ರೆ ಆ ಕುಂಕುಮ ಕ್ಲೀನ್ ಮಾಡಿ ಇನ್ನೊಂದ್ಸಲ ಸ್ಕ್ಯಾನ್ ಮಾಡಿ. ಇಲ್ಲಾಂದ್ರೆ ಸೈಟಲ್ಲಿ ಹಾಕಕ್ಕಾಗಲ್ಲ."

"ಅದು ನಮ್ಮಮ್ಮ ಹಚ್ಚಿದ್ದು ಡಾಕ್ಟ್ರೇ."

"ಸೆಂಟಿಮೆಂಟ್ ಬೇರೆ, ಹಿಸ್ಟರಿ ಬೇರೆ."

ನನಗೆ ಪಿತ್ತ ನೆತ್ತಿಗೇರಿತು. ಸುಲ್ತಾನ ಅಚ್ಚು ಹಾಕಿಸಿದರೆ ಚರಿತ್ರೆ, ಅಮ್ಮ ಕುಂಕುಮ ಹಚ್ಚಿದರೆ ಕೊಳೆ. ಇದು ಯಾವ ಊರಿನ ನ್ಯಾಯ, ನೀವೇ ಹೇಳಿ!

"ಹಾಗಾದ್ರೆ ನಿಮ್ಮ ಸೈಟೇ ಬೇಡ, ಬಿಡಿ" ಎಂದು ಫೋನ್ ಇಟ್ಟೆ. ಒಂದು ಚೊಂಬು ನೀರು ಕುಡಿದೆ.

"ಮಮ್, ಮೇಕ್ ಯುವರ್ ಓನ್ ಬ್ಲಾಗ್" ಅಂದಳು ಮಗಳು, ಟಿವಿಯಿಂದ ಕಣ್ಣು ಕೀಳದೆ. ಮಾಡಿದೆ. ಪ್ರತಿ ಕಾಸಿನ ಚಿತ್ರದ ಕೆಳಗೂ ಬರೆದೆ: ತಂದವರು ಅಪ್ಪ, ಕುಂಕುಮ ಅಮ್ಮನದು. ನಕ್ಕವರಿದ್ದರು, ಬೈದವರೂ ಇದ್ದರು. ಯಾರ ಕಾಮೆಂಟನ್ನೂ ಅಳಿಸಲಿಲ್ಲ. ನಗುವುದಕ್ಕೇನು ಜಿಎಸ್‌ಟಿ ಇದೆಯೇ? ಇಷ್ಟು ವರ್ಷವೂ ಯಾರಾದರೂ ಇನ್ನೂ ಸ್ಪಷ್ಟವಾದ ಚಿತ್ರ ಕೇಳಿದರೆ ಹುರುಪಿನಿಂದ ಮತ್ತೆ ಸ್ಕ್ಯಾನ್ ಮಾಡುತ್ತಿದ್ದೆ.

ಅದಕ್ಕೇ ಈ ಬೆಳಿಗ್ಗೆ ಗಾಜಿನ ಮೇಲಿನ ಕೆಂಪು ಕಂಡು ಒರೆಸುವ ಬಟ್ಟೆ ಕೆಳಗಿಟ್ಟೆ. ಡಬ್ಬಿ ತೆರೆದೆ. ಟೋಪಿ ಕಾಸಿನ ಮೇಲೆ ಅಮ್ಮನ ಬೆರಳಿನ ಗುರುತು ಇದೆಯೋ ಇಲ್ಲವೋ ಅನ್ನುವಂತಿತ್ತು. ಡಾಕ್ಟರಿಗೆ ಅಳಿಸಲು ಬಿಡದಿದ್ದುದನ್ನು ನಾನೇ ಊರಿಗೆಲ್ಲ ತೋರಿಸುತ್ತ ಗಾಜಿಗೆ ಒರೆಸಿಬಿಟ್ಟಿದ್ದೆ. ಅಳು ಬಂತು, ಅತ್ತುಬಿಟ್ಟೆ.

ಆದರೆ ಅಮ್ಮನೂ ಪ್ರತಿ ವರ್ಷ ಹಳೆಯದರ ಮೇಲೆ ಹೊಸದನ್ನು ಹಚ್ಚಿದವಳೇ ತಾನೆ? ಹ್ಯಾರಿಸ್ ಪಾರ್ಕಿನ ನಮ್ಮವರ ಅಂಗಡಿಯಿಂದ ತಂದ ಕುಂಕುಮದ ಪೊಟ್ಟಣ ಬಿಚ್ಚಿದೆ. ಉಂಗುರ ಬೆರಳಿನಿಂದ ಒಂದೊಂದಕ್ಕೂ ಹಚ್ಚಿದೆ. ಮತ್ತೆ ಸ್ಕ್ಯಾನ್ ಮಾಡಿ, ಮೆಲ್ಬರ್ನಿಗೂ ಕಾಣಲಿ ಎಂದು ಬ್ಲಾಗಿಗೆ ಹಾಕಿ, ಕೆಳಗೆ ಬರೆದೆ: ಈ ಸಲದ ಕುಂಕುಮ ನನ್ನದು.