ಯು ರುಮಿನಿಯ ಗಾಳಿ ಯಂತ್ರ

'ಯು', ಅಂದರೆ ಅಕ್ಕ, ಎಂದು ಎಲ್ಲರೂ ಕರೆಯುವ ನನ್ನ ಅತ್ತಿಗೆ ರುಮಿನಿ ನಮ್ಮ ಮರಗೆತ್ತನೆಯ ಊರು ಜೆಪಾರಾದಲ್ಲಿ ಮೂವತ್ತು ವರ್ಷದಿಂದ ತೇಗದ ಕುರ್ಚಿಗಳಿಗೆ ಮರಳುಕಾಗದ ಉಜ್ಜುತ್ತಿದ್ದಾಳೆ. ಕೆತ್ತುವವನು ನಾನು, ಹೊಗಳಿಕೆಯೆಲ್ಲ ನನಗೆ, ಧೂಳೆಲ್ಲ ಅವಳಿಗೆ. ಈಚೆಗೆ ಅವಳ ಬೆರಳಿಗೆ ಜೋಮು ಹಿಡಿದು, ಅಂಗಿಯ ಗುಂಡಿ ಹಾಕಲೂ ಮಗಳು ಬರಬೇಕು.

ಹೋದ ತಿಂಗಳು, ಎಲ್ಲರೂ ಮರ್ಯಾದೆಗೆ 'ಪಾಕ್' ಎನ್ನುವ ವ್ಯಾಪಾರಿ ಝೈನುರಿ ಬಂದ. "ಇನ್ಮೇಲೆ ಮೆಷಿನ್ನಲ್ಲಿ ಉಜ್ಜಿದ್ದು ಮಾತ್ರ ತಗೋತೀನಿ ಯು. ಕೈಕೆಲ್ಸ ಒಂದೊಂದು ಒಂದೊಂದ್ ಥರ ಇರುತ್ತೆ. ಗುರುವಾರಕ್ಕೆ ನಲವತ್ತು ಕುರ್ಚಿ. ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಕಾರ್ಖಾನೆಗೆ ಕೊಟ್ಬಿಡ್ತೀನಿ."

ಅವಳಿಗೆ ಬೇರೆ ಕೆಲಸ ಗೊತ್ತಿಲ್ಲ. ಆಗುತ್ತೆ ಅಂದಳು.

ಗಾಳಿಯಿಂದ ತಿರುಗುವ ಉಜ್ಜುಯಂತ್ರ ಆರಿಸಿ ತಂದ ಮಹಾಬುದ್ಧಿವಂತ ನಾನೇ. ತೀರಿಹೋದ ಅಣ್ಣ ಪಾಲಿಶ್ ಸಿಂಪಡಿಸಲು ಬಳಸುತ್ತಿದ್ದ ಗಾಳಿ ಕಂಪ್ರೆಸರ್ ಮನೆಯಲ್ಲೇ ಇತ್ತು. ಯಂತ್ರಕ್ಕೆ ಬೇಕಾದ ಒತ್ತಡ ಆರು, ಕಂಪ್ರೆಸರಿನ ಮುಳ್ಳು ಎಂಟರ ಮೇಲೆ. "ಇನ್ನೂ ಎರಡು ಮಿಗತ್ತೆ ಯು!" ಎಂದು ಬೀಗಿದೆ.

ಗುಂಯ್ ಎಂದು ಶುರುವಾಯಿತು. ಕುರ್ಚಿಯ ಒಂದು ಕಾಲು ಮುಗಿಯುವಷ್ಟರಲ್ಲಿ ಸುಸ್ತಾಗಿ ನಿಂತಿತು. ನಾನು ಕಕ್ಕಾಬಿಕ್ಕಿ. ಅಣ್ಣ ದಿನವಿಡೀ ಪಾಲಿಶ್ ಹೊಡೆದಾಗ ಎಂದೂ ನಿಲ್ಲದ್ದು ಈಗೇನಾಯಿತು? ಪೈಪಿಗೆ ಸೋಪುನೀರು ಹಚ್ಚಿ ನೋಡಿದೆ, ಎಲ್ಲೂ ಸೋರಿಕೆಯಿಲ್ಲ. ಯಂತ್ರ ಮಾರಿದ ಅಂಗಡಿಯವನು ಕಂಪ್ರೆಸರಿನ ಟ್ಯಾಂಕ್ ಚಿಕ್ಕದೆಂದ. ಷಡ್ಡಕನ ಟ್ಯಾಂಕ್ ಹೊತ್ತು ತಂದು ಜೋಡಿಸಿದೆ. ಆಗ ಎರಡರಷ್ಟು ಹೊತ್ತು ಓಡಿತು. ತುಂಬಲು ಎರಡರಷ್ಟು ಹೊತ್ತು ಹಿಡಿಯಿತು. ತಲೆ ಕೆಟ್ಟು ಕೆರವಾಯಿತು.

"ನಿನ್ ತಲೆ! ಮೊದ್ಲು ಇದು ಓಡ್ತಿದ್ದಿದ್ದು ಒಂದು ತಸ್ಬಿ, ತುಂಬೋಕೆ ಮೂರು ತಸ್ಬಿ. ಈಗ ಎರಡು, ಆರು. ಎಣಿಸ್ತಾನೇ ಇದ್ದೀನಲ್ಲ," ಎಂದಳು ಯು. ಜಪಮಣಿಯ ಒಂದು ಸುತ್ತಿಗೆ ಒಂದು ತಸ್ಬಿ; ಅವಳು ಬಾಯಲ್ಲಿ ದೇವರ ನಾಮ ಎಣಿಸದೆ ಕೆಲಸ ಮಾಡುವವಳಲ್ಲ.

"ಹಾಗಂದ್ರೆ?"

"ಈ ಮೆಷಿನ್ ಬಿಂದಿಗೆಯಲ್ಲಿ ಕುಡಿಯುತ್ತೆ, ಆ ಕಂಪ್ರೆಸರ್ ಲೋಟದಲ್ಲಿ ತುಂಬುತ್ತೆ ಕಣೋ. ನಿನ್ನಣ್ಣ ಪುಸ್ ಅಂತ ಹೊಡೆದು ನಿಲ್ಲಿಸ್ತಿದ್ರು, ಅಷ್ಟರಲ್ಲಿ ತುಂಬ್ತಿತ್ತು. ಇದಕ್ಕೆ ಬಿಡುವೆಲ್ಲಿ?"

ಆಗ ಎರಡಕ್ಕೂ ಅಂಟಿಸಿದ್ದ ತಗಡಿನ ಮೇಲಿನ ಸಣ್ಣಕ್ಷರ ಓದಿದೆ. ಯಂತ್ರಕ್ಕೆ ನಿಮಿಷಕ್ಕೆ ಮುನ್ನೂರು ಲೀಟರ್ ಗಾಳಿ ಬೇಕು. ಕಂಪ್ರೆಸರಿನ ಮೇಲೆ ನೂರಿಪ್ಪತ್ತು. ಅದೂ ಒಳಗೆ ಎಳೆದುಕೊಳ್ಳುವ ಲೆಕ್ಕವಂತೆ, ಹೊರಗೆ ಕೊಡುವುದಲ್ಲ. ಒತ್ತಡ ನೋಡಿದ ನಾನು ಗಾಳಿ ಎಷ್ಟೆಂದು ನೋಡಿರಲೇ ಇಲ್ಲ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವಂತಾಯಿತು.

ಅಷ್ಟರಲ್ಲಿ ಮಂಗಳವಾರವಾಗಿತ್ತು. ದೊಡ್ಡ ಕಂಪ್ರೆಸರ್ ಹಾಕಿದರೆ ಮನೆಯ ಕರೆಂಟ್ ತಡೆಯದು. ಯು ಮರಳುಕಾಗದ ಹರಿದು, ಟ್ಯಾಂಕ್ ತುಂಬುವವರೆಗೂ ಕೈಯಲ್ಲೇ ಉಜ್ಜತೊಡಗಿದಳು. ತುಂಬಿದಾಗ ಯಂತ್ರ, ಬರಿದಾದಾಗ ಕೈ. ನಾನೂ ಉಜ್ಜಿದೆ, ನಾನು ಮುಟ್ಟಿದ್ದನ್ನೆಲ್ಲ ಅವಳು ಮತ್ತೆ ಉಜ್ಜಿದಳು. ಕಂಪ್ರೆಸರ್ ಎರಡು ದಿನ ಒಂದೇ ಸಮನೆ ಅರಚುತ್ತಿದ್ದುದರಿಂದ ಬೀದಿಯವರೆಲ್ಲ ಮೆಷಿನ್ ಜೋರಾಗಿದೆ ಎಂದುಕೊಂಡರು.

ಗುರುವಾರ ಪಾಕ್ ಝೈನುರಿ ಕುರ್ಚಿಗಳ ಮೇಲೆ ಅಂಗೈ ಸವರುತ್ತಾ ಹೋಗಿ ಒಂದರ ಬೆನ್ನಿನ ಮೇಲೆ ಕೈ ನಿಲ್ಲಿಸಿದ. ಅದಕ್ಕೆ ಯಂತ್ರ ತಾಗಿಯೇ ಇರಲಿಲ್ಲ. "ನೋಡಿದ್ರಾ? ಹೀಗಿರ್ಬೇಕು! ಕೈಯಲ್ಲಿ ಇದು ಬರುತ್ತಾ? ಮುಂದಿನ ಸಲ ಎಂಬತ್ತು ಕಳಿಸ್ತೀನಿ ಯು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಜ ಹೇಳಲು ಬಾಯಿ ತೆರೆದೆ. ಯು ನನ್ನ ಕಾಲು ತುಳಿದಳು.

"ಕಳಿಸಿ ಪಾಕ್, ಮೆಷಿನ್ ಇದೆಯಲ್ಲ," ಎಂದು ಊದಿದ ಕೈಗಳನ್ನು ತಲೆವಸ್ತ್ರದ ಸೆರಗಿನೊಳಗೆ ಎಳೆದುಕೊಂಡಳು.