ಅಂಬುಜಮ್ಮನ ಬಸ್ಸು ನಿಂತಿದ್ದು

ನಂಜನಗೂಡಿನ ಅಂಬುಜಮ್ಮನಿಗೆ ಬಾಯಿ ಬೇಕಾಗಿದ್ದದ್ದು ಊಟಕ್ಕಿಂತ ಹೆಚ್ಚಾಗಿ ಮಾತಿಗೆ. ಗಂಡ ಸತ್ಯನಾರಾಯಣ ಬಸ್ ಕಂಡಕ್ಟರ್. ದಿನವಿಡೀ ಜನರ ಹತ್ತಿರ ಕೂಗಾಡಿ ಬಂದವನು ಮನೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ, ಹಾಗಾಗಿ ಅವನ ಪಾಲಿನ ಮಾತೂ ಇವಳದೇ ಆಗಿತ್ತು. ಅಂಥವಳು ಗಂಡ ಹೋದಮೇಲೆ, ಬ್ಯಾಂಕಿನ ಕೆಲಸದಲ್ಲಿದ್ದ ಮಗಳು ನವ್ಯಾಳಿಗೆ ಚೆನ್ನೈಗೆ ವರ್ಗವಾದಾಗ, ಮೊಮ್ಮಗಳನ್ನು ನೋಡಿಕೊಳ್ಳಲು ವೆಸ್ಟ್ ಮಾಂಬಲಂನ ಫ್ಲ್ಯಾಟಿಗೆ ಬಂದಳು. ಎದುರು ಮನೆಯ ಪಾಟಿ, ಅಂದರೆ ತಮಿಳು ಅಜ್ಜಿ, "ಸಾಪ್ಟೀಂಗಳಾ?" ಎಂದು ಊಟದ ವಿಚಾರ ಕೇಳಿದರೆ "ಆಚ್ಚು, ಆಚ್ಚು" ಎನ್ನುವಲ್ಲಿಗೆ ಅವಳ ತಮಿಳು ಮುಗಿಯುತ್ತಿತ್ತು. ಪಾಟಿ ಮುಂದೆ ಇನ್ನೇನಾದರೂ ಕೇಳಿದರೆ ನಗುನಗುತ್ತಾ ಬಾಗಿಲು ಹಾಕಿಕೊಳ್ಳುವುದೊಂದೇ ದಾರಿ.

ಅಳಿಯ ರೂಪೇಶನನ್ನು ಬೆಳಿಗ್ಗೆಯೇ ಶೋಳಿಂಗನಲ್ಲೂರಿನ ಆಫೀಸ್ ಕ್ಯಾಬ್ ಎತ್ತಿಕೊಂಡು ಹೋಗುತ್ತಿತ್ತು. ಹಿಂದೆಯೇ ನವ್ಯಾ ರೈಲು ಹಿಡಿಯಲು ಓಡುತ್ತಿದ್ದಳು. ಉಳಿದವಳು ನಾಲ್ಕು ವರ್ಷದ ಸುಮೇಧಾ. ಅಂಬುಜಮ್ಮನ ಪಾಲಿಗೆ ಚೆನ್ನೈ ಎಂದರೆ ಅವಳೊಬ್ಬಳೇ.

ಮಧ್ಯಾಹ್ನ ಮಗು ಸ್ಕೂಲಿನಿಂದ ಬಂದು ಊಟ ಮುಗಿಸಿದರೆ ಅಜ್ಜಿಯ ಬಸ್ಸು ಹೊರಡಬೇಕು. ಅದು ಮರೆಗುಳಿ ಬಸ್ಸು. ನಂಜನಗೂಡಿನಿಂದ ಮೈಸೂರಿಗೆ ಹೊರಟು, ದಾರಿ ಮರೆತು, ಒಂದು ದಿನ ಕಬ್ಬಿನ ಗದ್ದೆಗೆ ನುಗ್ಗಿದರೆ ಇನ್ನೊಂದು ದಿನ ಯಾರದೋ ಮದುವೆ ಮನೆಗೆ ಹೋಗಿ ಊಟಕ್ಕೆ ಕೂತುಬಿಡುತ್ತಿತ್ತು. ಪ್ರತಿ ಸ್ಟಾಪಿನಲ್ಲೂ ಕಥೆ ನಿಲ್ಲುವುದು. ಸ್ಟೂಲಿನ ಮೇಲೆ ನಿಂತ ಪುಟ್ಟ ಕಂಡಕ್ಟರಮ್ಮ "ಲೈಟ್, ಲೈಟ್!" ಎಂದು ಕೂಗಿದ ಮೇಲೆಯೇ ಅದು ಮುಂದಕ್ಕೆ ಹೋಗುವುದು. 'ರ' ಅವಳ ನಾಲಿಗೆಗೆ ಹತ್ತುತ್ತಿರಲಿಲ್ಲ. ರಾಗಿ ಲಾಗಿಯಾಗಿತ್ತು, ಹೆತ್ತ ಅಪ್ಪ ಲೂಪೇಶನಾಗಿದ್ದ. ಅಂಬುಜಮ್ಮನಿಗೆ ಅದನ್ನು ಕೇಳುವುದೇ ಒಂದು ಸುಖ.

ಸ್ಕೂಲಿನಲ್ಲಿ ಮಾತ್ರ ಅದು ಸುಖದ ವಿಷಯವಾಗಿರಲಿಲ್ಲ. ಮಕ್ಕಳು ನಗುತ್ತಾರೆ, ಇವಳು ಬಾಯಿಯೇ ಬಿಡುವುದಿಲ್ಲ ಎಂದು ಮಿಸ್ಸು ನವ್ಯಾಳನ್ನು ಕರೆಸಿ ಹೇಳಿದಳು. ಮನೆಯೊಳಗೆ ಒಂದು, ಬೀದಿಯಲ್ಲಿ ಒಂದು, ಕ್ಲಾಸಿನಲ್ಲಿ ಇನ್ನೊಂದು ಭಾಷೆಯಾದರೆ ಮಗುವಿಗೆ ಗಲಿಬಿಲಿಯಾಗದೆ ಇನ್ನೇನು ಎಂದೂ ಸೇರಿಸಿದಳು. ಮಗುವಿನ ನಾಲಿಗೆ ಹೊರಳದಿರುವುದಕ್ಕೂ ಅಜ್ಜಿಯ ಕನ್ನಡಕ್ಕೂ ಎಲ್ಲಿಂದೆಲ್ಲಿಗೆ ಸಂಬಂಧವೋ, ಆ ಮಹಾತಾಯಿಗೇ ಗೊತ್ತು.

ಆ ಸಂಜೆ ನವ್ಯಾ ಕಾಫಿ ಲೋಟ ತಿರುಗಿಸುತ್ತಾ ಹೇಳಿದಳು: "ಅಮ್ಮಾ, ಬೇಜಾರ್ ಮಾಡ್ಕೋಬೇಡ. ಸ್ಪೀಚ್ ಥೆರಪಿಗೆ ಸೇರಿಸ್ತಿದೀವಿ. ಅಲ್ಲೀತನಕ ಮಗು ಹತ್ರ ಕನ್ನಡ ಸ್ವಲ್ಪ ಕಮ್ಮಿ ಮಾಡು."

ಬೇರೆ ಯಾರಾದರೂ ಆಗಿದ್ದರೆ ಜಗಳವಾಡುತ್ತಿದ್ದರು, ಇಲ್ಲವೇ ಕದ್ದುಮುಚ್ಚಿ ಬಸ್ಸು ಓಡಿಸುತ್ತಿದ್ದರು. ಅಂಬುಜಮ್ಮನ ಜಾತಕದಲ್ಲೇ 'ಸ್ವಲ್ಪ' ಎಂಬುದು ಇರಲಿಲ್ಲ. ದೇವರ ಗೂಡಿನ ನಂಜುಂಡೇಶ್ವರನ ಪಟದ ಮುಂದೆ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿಟ್ಟು ಹರಕೆ ಹೊತ್ತಳು. ಮಗುವಿನ ಬಾಯಲ್ಲಿ 'ರ' ನೆಟ್ಟಗೆ ಬರುವ ತನಕ ಅದರ ಎದುರು ತಾನು ಮಾತಾಡುವುದಿಲ್ಲ. ಪ್ರೀತಿಯದ್ದನ್ನು ಬಿಟ್ಟರೆ ತಾನೇ ಹರಕೆ? ಕಾಫಿ ಬಿಟ್ಟವರು, ಬದನೆಕಾಯಿ ಬಿಟ್ಟವರು ಅವಳ ಬಳಗದಲ್ಲೇ ಇದ್ದರು. ಅವಳ ಹತ್ತಿರ ಬಿಡಲು ಇದ್ದದ್ದು ಇದೊಂದೇ. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲವಿಲ್ಲ ಎಂದು ತಾಯಿ ಕಲಿಸಿದ್ದರಿಂದ ಮಗಳಿಗೂ ಹೇಳಲಿಲ್ಲ.

ಮರುದಿನ ಸುಮೇಧಾ ಸ್ಟೂಲು ಹತ್ತಿ ನಿಂತಳು. "ಅಜ್ಜೀ, ಬಸ್ಸು! ಲೈಟ್, ಲೈಟ್!" ಅಂಬುಜಮ್ಮ ಅವಳ ತಲೆ ನೇವರಿಸಿ, ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ ಅತ್ತಳು. ಕೆಲವು ದಿನ ಮಗು ಕೈ ಹಿಡಿದು ಎಳೆಯಿತು, ಮುನಿಸಿಕೊಂಡಿತು, ಮುಖ ಸೊಟ್ಟ ಮಾಡಿ ನಗಿಸಲು ನೋಡಿತು. ಆಮೇಲೆ ಕೇಳುವುದನ್ನೇ ಬಿಟ್ಟಿತು. ಕೆಳಗಿನ ಮನೆಯ ಮಕ್ಕಳ ಜೊತೆ ಆಟ, ಮನೆಗೆ ಬಂದರೆ ಟಿವಿ, ಸಂಜೆ ಅಪ್ಪ ಅಮ್ಮನದೂ ಇಂಗ್ಲಿಷೇ. ದಸರೆಯ ಹೊತ್ತಿಗೆ ಶುರುವಾದ ಹರಕೆ ಸಂಕ್ರಾಂತಿ ದಾಟುವಷ್ಟರಲ್ಲಿ ಮಗುವಿನ ಬಾಯಲ್ಲಿ ತಮಿಳು, ಇಂಗ್ಲಿಷು ತುಂಬಿಕೊಂಡವು. ಅಜ್ಜಿ ಯಾವಾಗಲೋ ಪಾಟಿಯಾಗಿದ್ದಳು.

"ಕಮ್ಮಿ ಮಾಡು ಅಂದ್ರೆ ಬಾಯಿಗೆ ಬೀಗಾನೇ ಹಾಕ್ಕೊಳೋದಾ? ಯಾರ ಮೇಲಮ್ಮ ಈ ಹಟ?" ಎಂದು ನವ್ಯಾ ರೇಗಿದಳು. ಅಂಬುಜಮ್ಮ ಹುರುಳಿಕಾಯಿ ಮುರಿಯುತ್ತಲೇ ಇದ್ದಳು. ಅತ್ತೆಗೆ ಊರು ನೆನಪಾಗಿರಬೇಕು ಎಂದು ರೂಪೇಶ ತನ್ನ ಪಾಡಿಗೆ ತಾನು ತೀರ್ಮಾನ ಮಾಡಿಕೊಂಡ. ಗಂಡ ಸತ್ತಾಗಲೂ ಅಂಬುಜಮ್ಮ ಇಷ್ಟು ಒಂಟಿಯಾಗಿರಲಿಲ್ಲ. ಸತ್ತವನಿಗಾಗಿ ಹಂಬಲಿಸುವುದಕ್ಕೆ ಒಂದು ಅರ್ಥವಿತ್ತು. ಮಗ್ಗುಲಲ್ಲೇ ಕೂತು ಕಾರ್ಟೂನು ನೋಡುತ್ತಿರುವ ಮಗುವಿಗಾಗಿ ಹಂಬಲಿಸುವುದು ಎಂಥ ಕರ್ಮ! ಅವಳು ದಿನವೂ ಕಿವಿಗೊಟ್ಟು ಕಾದಳು. 'ರ' ಬರಲಿಲ್ಲ.

ಯುಗಾದಿ ಹತ್ತಿರವಿದ್ದ ಒಂದು ಮಧ್ಯಾಹ್ನ ಸುಮೇಧಾ ಥೆರಪಿಯ ಪುಟ್ಟ ಕನ್ನಡಿ, ಜಾಮ್ ಬಾಟಲಿ ಹಿಡಿದು ಬಂದು ಅಜ್ಜಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

"ಪಾಟೀ, ಓಪನ್."

ಅಂಬುಜಮ್ಮನಿಗೆ ತಿಳಿಯಲಿಲ್ಲ. ಮಗು ಅವಳ ಗಲ್ಲ ಹಿಡಿದು ಬಾಯಿ ತೆರೆಸಿ, ನಾಲಿಗೆ ಮೇಲೇಳಲೆಂದು ಥೆರಪಿಯಲ್ಲಿ ತನಗೆ ಮಾಡುವ ಹಾಗೆಯೇ, ಮೇಲಿನ ಹಲ್ಲಿನ ಹಿಂದೆ ಬೆರಳಿನಿಂದ ಒಂದಿಷ್ಟು ಜಾಮ್ ಸವರಿತು. "ಉನಕ್ಕುಂ ಪೇಸ ವಲಾದಾ? ನೋ ಪ್ಲಾಬ್ಲಮ್. ಐ ಟೀಚ್."

ನಿನಗೂ ಮಾತು ಬರುವುದಿಲ್ಲವಾ? ಅಷ್ಟು ತಮಿಳು ಅಂಬುಜಮ್ಮನಿಗೂ ಅರ್ಥವಾಯಿತು. ಇಷ್ಟು ದಿನವೂ ಮಗು ಅಜ್ಜಿಗೆ ಬಾಯಿಯೇ ಇಲ್ಲವೆಂದುಕೊಂಡಿತ್ತು. ತನ್ನ ಹಾಗೆ ಇವಳಿಗೂ ನಾಲಿಗೆ ಹೊರಳದು ಎಂದು ಮರುಗಿತ್ತು. ಅಂಬುಜಮ್ಮನ ಕಣ್ಣಿಂದ ನೀರು ದಳದಳ ಇಳಿಯಿತು.

"ಡೋಂಟ್ ಕ್ಲೈ, ಪಾಟೀ. ಟಂಗ್ ಅಪ್. ಲುಕ್." ಮಗು ಬಾಯಿ ಅಗಲಿಸಿ, ನಾಲಿಗೆ ಎತ್ತಿ, ಕತ್ತಿನ ನರ ಉಬ್ಬಿಸಿ ತೋರಿಸಿತು. "ರ್ರ್ರ್ರ್."

ಬಂದಿತ್ತು. ನೆಟ್ಟಗೆ, ದುಂಡಗೆ ಬಂದಿತ್ತು. ತಾನೇನು ಮಾಡಿದೆನೆಂದು ಮಗುವಿಗೆ ಗೊತ್ತೇ ಆಗಲಿಲ್ಲ. ಅದು ಪಾಟಿಯ ಬಾಯನ್ನೇ ನೋಡುತ್ತಿತ್ತು.

"ಬಸ್ಸು ಹೊರಡ್ಲೇನೇ, ಕಂಡಕ್ಟರಮ್ಮಾ?" ಎಂದಳು ಅಂಬುಜಮ್ಮ.

ಮಗು ಬೆರಗಾಗಿ ಎದ್ದು ಕುಣಿಯಿತು. ಚಪ್ಪಾಳೆ ತಟ್ಟಿ, ಥೆರಪಿಯ ಅಕ್ಕ ಕೊಟ್ಟಿದ್ದ ಅಂಟುವ ನಕ್ಷತ್ರಗಳಲ್ಲಿ ಒಂದನ್ನು ಕಿತ್ತು ಅಜ್ಜಿಯ ಬರಿಹಣೆಗೆ ಒತ್ತಿತು. ಆಮೇಲೆ ಪಕ್ಕದಲ್ಲಿ ಕೂತು ಕೇಳಿತು.

"ಎಂದ ಬಸ್ಸು?"

ಯಾವ ಬಸ್ಸು! ಮಗುವಿಗೆ ಬಸ್ಸೇ ಮರೆತುಹೋಗಿತ್ತು. ದೇವರು ನಡೆಸಿಕೊಟ್ಟಿದ್ದ, ಬಾಕಿಯನ್ನೂ ವಸೂಲು ಮಾಡಿಕೊಂಡಿದ್ದ. "ನಮ್ ಬಸ್ಸು ಕಣೇ, ನಂಜನಗೂಡಿಂದು," ಎಂದು ಮಗುವನ್ನು ತೊಡೆಗೆ ಎಳೆದುಕೊಂಡು ಮೊದಲಿನಿಂದ ಶುರು ಮಾಡಿದಳು. ಬಸ್ಸು ಕಬ್ಬಿನ ಗದ್ದೆಗೆ ನುಗ್ಗಿ ನಿಂತಿತು. ಅಂಬುಜಮ್ಮ ಕಾದಳು. ಮಗುವೂ ಕಾಯಿತು. ಹೇಳುವವರು ಯಾರೂ ಇಲ್ಲದೆ ಕೊನೆಗೆ ಅವಳೇ ಮೆಲ್ಲಗೆ, ಹಿಂದಿನ ಕಂಡಕ್ಟರಮ್ಮ ಹೇಳುತ್ತಿದ್ದ ಹಾಗೆಯೇ, "ಲೈಟ್, ಲೈಟ್" ಎಂದಳು.

ಸುಮೇಧಾ ಹಾಗಲ್ಲವೆಂದು ತಲೆಯಾಡಿಸಿದಳು. ಕನ್ನಡಿಯನ್ನು ಅಜ್ಜಿಯ ಮುಖಕ್ಕೆ ಹಿಡಿದು, ಜಾಮ್ ಹತ್ತಿದ ಬೆರಳಿನಿಂದ ಮೇಲೆ ತೋರಿಸುತ್ತಾ ತಾಳ್ಮೆಯಿಂದ ತಿದ್ದಿದಳು. "ನೋ, ಪಾಟೀ. ಟಂಗ್ ಅಪ್. ರ್ರ್ರೈಟ್."

ಅಂಬುಜಮ್ಮ ಕಣ್ಣೊರೆಸಿಕೊಂಡು, ಮಗು ಹೇಳಿಕೊಟ್ಟ ಹಾಗೆಯೇ ಹೇಳಿದಳು.